ಕೂಲೆಂಟ್ ಎಲ್ಲಿ ಸೋರುತ್ತಿದೆ? ಮನೆಯಂಗಳದಲ್ಲೇ ಹುಡುಕಿ ಸರಿ ಮಾಡುವ ಬಗೆ

ಪಾಣತ್ತೂರು ದಾಟಿ ಭಾಗಮಂಡಲದ ಕಡೆ ಏರುವ ಘಾಟಿಯಲ್ಲಿ ಒಮ್ಮೆ ನಮ್ಮ ಕಾರು ಹಬೆ ಬಿಟ್ಟು ನಿಂತಿತು. ತಪ್ಪು ನನ್ನದೇ. ಎರಡು ತಿಂಗಳಿನಿಂದ ಬಾನೆಟ್ ಅಡಿಯ ಬಾಟಲಿಯಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಇಳಿಯುತ್ತಿತ್ತು. ನಾನು ವಾರಕ್ಕೊಮ್ಮೆ ಬಾವಿಕಟ್ಟೆಯಿಂದ ಒಂದು ಚೊಂಬು ನೀರು ತಂದು ಹೊಯ್ಯುತ್ತಿದ್ದೆ. ಕಾಸರಗೋಡು ಜಿಲ್ಲೆಯ ನಮ್ಮ ಮನೆಯಿಂದ ಬದಿಯಡ್ಕ ಪೇಟೆಗೆ ಹೋಗಿ ಬರಲು ಅಷ್ಟು ಸಾಕಾಗುತ್ತಿತ್ತು. ಐದು ಜನ ಕೂತು, ಎಸಿ ಹಾಕಿ, ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಸಾಕಾಗಲಿಲ್ಲ. ಕೊನೆಗೆ ನೋಡಿದರೆ ಸೋರುತ್ತಿದ್ದದ್ದು ಗೇಣುದ್ದದ ಒಂದು ರಬ್ಬರ್ ಹೋಸ್. ಅದರ ದುಡ್ಡು ಏನೂ ಅಲ್ಲ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಿ ಮಟ್ಟ ಮಾಡಿಸಿ, ಅದರಡಿಯ ಸೀಲ್ ಪಟ್ಟಿ, ಅಂದರೆ ಗ್ಯಾಸ್ಕೆಟ್ ಹಾಕಿಸಿದ ಬಿಲ್ಲು ಮಾತ್ರ ಆ ವರ್ಷದ ಅಡಕೆ ದುಡ್ಡಿನಲ್ಲಿ ಒಳ್ಳೆಯ ಪಾಲನ್ನೇ ತಿಂದಿತು.

ಕೂಲೆಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತು ಹೊಡೆಯುತ್ತಾ ಇರುತ್ತದೆ. ಮತ್ತೆ ಮತ್ತೆ ಕಮ್ಮಿ ಆಗುತ್ತಿದೆ ಅಂದರೆ ಎಲ್ಲೋ ಹೋಗುತ್ತಿದೆ. ಆ 'ಎಲ್ಲೋ' ಎಲ್ಲಿ ಅಂತ ಗೊತ್ತಾಗುವ ತನಕ ನೀರು ಹೊಯ್ಯುತ್ತಾ ಕೂರಬೇಡಿ.

ಒಳಗೆ ನಡೆಯುವುದು ಇಷ್ಟು

ಎಂಜಿನ್ನಿನ ಬಿಸಿಯನ್ನು ಕೂಲೆಂಟ್ ಹೊತ್ತುಕೊಂಡು, ಗಾಳಿಗೆ ತಣಿಸುವ ರೇಡಿಯೇಟರಿಗೆ ತರುತ್ತದೆ. ಕೂಲೆಂಟನ್ನು ದೂಡುವುದು ವಾಟರ್ ಪಂಪ್. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟ್ಯಾಟ್ ಎಂಬ, ಬಿಸಿಗೆ ತೆರೆಯುವ ಬಾಗಿಲು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತದೆ.

ಮರೆಯಬಾರದ ಸಂಗತಿ ಒತ್ತಡದ್ದು. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಕೂಲೆಂಟ್ ಸುಮಾರು 107ಕ್ಕೆ ಕುದಿಯುತ್ತದೆ. ರೇಡಿಯೇಟರಿನ ಮೇಲೆ ಕೂತ ಮುಚ್ಚಳ, ಅಂದರೆ ಕ್ಯಾಪ್ 0.9 ಅಥವಾ 1.1 ಬಾರ್ ಒತ್ತಡವನ್ನು ಒಳಗೇ ಹಿಡಿದಿಟ್ಟರೆ ಕುದಿಯುವ ಮಟ್ಟ 120 ಡಿಗ್ರಿ ದಾಟುತ್ತದೆ. ಸಣ್ಣ ತೂತು ಆದರೂ ಈ ಒತ್ತಡ ನಿಲ್ಲುವುದಿಲ್ಲ. ಅಂದರೆ ದ್ರವ ಇನ್ನೂ ಸಾಕಷ್ಟು ಇರುವಾಗಲೇ ಅದು ಕುದಿಯಲು ಶುರು ಮಾಡಬಹುದು. 'ಬಾಟಲಿಯಲ್ಲಿ ನೀರಿತ್ತಲ್ಲ, ಆದರೂ ಯಾಕೆ ಕುದಿಯಿತು' ಅಂತ ಕೇಳುವವರಿಗೆ ಹೆಚ್ಚಿನ ಸಲ ಇದೇ ಉತ್ತರ.

ಈಗಲೇ ದಾರಿಯಲ್ಲಿ ನಿಂತಿದ್ದರೆ

ಟೆಂಪರೇಚರ್ ಮುಳ್ಳು ಏರುವುದು ಕಂಡ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ಸೆಖೆಯಲ್ಲಿ ಬೆಂದು ಹೋಗುತ್ತೀರಿ, ಆದರೆ ಎಂಜಿನ್ನಿನ ಒಂದಷ್ಟು ಬಿಸಿ ಆ ದಾರಿಯಲ್ಲಿ ಹೊರಗೆ ಬರುತ್ತದೆ. ಜಾಗ ಸಿಕ್ಕಲ್ಲಿ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ಈಗಿನ ಹಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅದು ಹೊತ್ತಿದರೆ 'ಇನ್ನೊಂದೇ ಕಿಲೋಮೀಟರ್, ಕುಂಬಳೆ ಬಂತು' ಅಂದುಕೊಂಡು ಓಡಿಸಬೇಡಿ.

ಮೇಲೇರಿದ ಮುಳ್ಳು ತನ್ನಷ್ಟಕ್ಕೇ ದಿಢೀರನೆ ಕೆಳಗೆ ಬಿದ್ದರೆ ಖುಷಿ ಪಡಬೇಡಿ. ಸೆನ್ಸರ್ ಸುತ್ತ ದ್ರವವೇ ಇಲ್ಲದೆ ಅದು ಬರೀ ಗಾಳಿಯಲ್ಲಿ ಇರಬಹುದು. ಅದು ಇನ್ನೂ ಕೆಟ್ಟ ಸೂಚನೆ.

ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬಾರದು. ಒತ್ತಡ ಇಳಿದ ಕ್ಷಣದಲ್ಲಿ ಒಳಗಿನದ್ದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ರೇಡಿಯೇಟರಿನ ಮೇಲಿನ ಹೋಸನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಇನ್ನೂ ಗಟ್ಟಿ ಇದ್ದರೆ ಒತ್ತಡ ಇದೆ, ಮತ್ತೂ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ಯಬೇಡಿ. ಅಲ್ಯುಮಿನಿಯಂ ಹೆಡ್ ಬಾಗಬಹುದು, ಬಿರುಕೂ ಬಿಡಬಹುದು.

ಇನ್ನು ಅರಿಶಿನ ಪುಡಿಯ ವಿಷಯ. ಹಳೆಯ ಜೀಪು ಡ್ರೈವರುಗಳು ರೇಡಿಯೇಟರ್ ಸೋರಿದರೆ ಒಂದು ಮುಷ್ಟಿ ಅರಿಶಿನ ಹಾಕುತ್ತಿದ್ದರು. ಸುಳ್ಳಲ್ಲ, ಪುಡಿ ಉಬ್ಬಿ ಸಣ್ಣ ತೂತಿಗೆ ಅಂಟಿ ಕೂರುತ್ತದೆ. ತೊಂದರೆ ಏನೆಂದರೆ ಅದಕ್ಕೆ ಕೆಟ್ಟ ತೂತು, ಒಳ್ಳೆಯ ದಾರಿ ಎಂಬ ಭೇದ ಗೊತ್ತಿಲ್ಲ. ಈಗಿನ ಅಲ್ಯುಮಿನಿಯಂ ರೇಡಿಯೇಟರಿನ ಕೊಳವೆಗಳು ತೀರಾ ಸಪೂರ. ಹೀಟರಿನದ್ದೂ ಹಾಗೇ. ಅವು ಕಟ್ಟಿಕೊಂಡರೆ ಮೊದಲಿಗಿಂತ ದೊಡ್ಡ ಕೆಲಸ. ಡಬ್ಬಿಯಲ್ಲಿ ಬರುವ ಲೀಕ್ ಸೀಲರುಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಕಾಡಿನ ನಡುವೆ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲ ಅಂದರೆ ಹಾಕಿ, ಮನೆ ಮುಟ್ಟಿದ ಮೇಲೆ ಪೂರ್ತಿ ತೊಳೆಸಿ.

ಮೊದಲು, ಸೋರುವುದು ಕೂಲೆಂಟೇ ಹೌದಾ?

ನಮ್ಮ ಕಡೆಯ ಗಾಳಿಯಲ್ಲಿ ನೀರಿನಂಶ ಜಾಸ್ತಿ. ಎಸಿ ಹಾಕಿ ಬಂದು ನಿಲ್ಲಿಸಿದರೆ ಕಾರಿನಡಿ ನೀರು ತೊಟ್ಟಿಕ್ಕುವುದು ಮಾಮೂಲು. ಅದನ್ನು ನೋಡಿ ಹೆದರಿ ವರ್ಕ್‌ಶಾಪಿಗೆ ಓಡಿದವರನ್ನು ನಾನೇ ಕಂಡಿದ್ದೇನೆ. ಎಸಿ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಬೆರಳಿಗೆ ನೀರಿನ ಹಾಗೇ ಇರುತ್ತದೆ. ಕೂಲೆಂಟ್ ಹಸಿರು, ಕೆಂಪು, ಗುಲಾಬಿ ಅಥವಾ ನೀಲಿ ಇರಬಹುದು. ಬೆರಳ ನಡುವೆ ಉಜ್ಜಿದರೆ ಸ್ವಲ್ಪ ಜಾರುತ್ತದೆ. ಸಿಹಿ ವಾಸನೆ. ರುಚಿ ನೋಡಲು ಹೋಗಬೇಡಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಬದುಕುವುದು ಕಷ್ಟ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ, ಬಾವಿ ಅಥವಾ ಕುಡಿಯುವ ನೀರಿನ ಸುರಂಗದ ಕಡೆ ಹರಿಯದ ಹಾಗೆ ನೋಡಿಕೊಳ್ಳಿ.

ರಾತ್ರಿ ಕಾರು ನಿಲ್ಲಿಸುವಾಗ ಎಂಜಿನ್ನಿನ ಅಡಿಗೆ ಬಿಳಿ ರಟ್ಟು ಹಾಸಿ. ಹಳೆ ಫ್ಲೆಕ್ಸಿನ ಬಿಳಿ ಮಗ್ಗುಲು ಇನ್ನೂ ಒಳ್ಳೆಯದು, ನೀರು ಹೀರುವುದಿಲ್ಲ. ಮೇಲೆ ಮಾರ್ಕರಿನಲ್ಲಿ ಮುಂದಿನ ಚಕ್ರಗಳ ಗುರುತು ಹಾಕಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ಬಂಪರಿನ ಹಿಂದೆಯೇ ಬಿದ್ದಿದ್ದರೆ ರೇಡಿಯೇಟರ್ ಕಡೆ ಅನುಮಾನ. ಬೆಲ್ಟುಗಳ ಮಗ್ಗುಲಲ್ಲಿ ಬಿದ್ದಿದ್ದರೆ ವಾಟರ್ ಪಂಪ್. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಗಾಜಿನ ಒಳಮೈ ಜಿಡ್ಡು ಜಿಡ್ಡಾಗಿ ಮಂಜುಗಟ್ಟಿದರೆ ಹೀಟರ್ ಕೋರ್, ಅಂದರೆ ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ರೇಡಿಯೇಟರ್. 'ಕಾಸರಗೋಡಿನಲ್ಲಿ ಹೀಟರ್ ಯಾರು ಹಾಕುತ್ತಾರೆ' ಅಂತ ನಗಬೇಡಿ. ನೀವು ಹಾಕದಿದ್ದರೂ ಹಲವು ಕಾರುಗಳಲ್ಲಿ ಕೂಲೆಂಟ್ ಅದರೊಳಗೆ ಸದಾ ಹರಿಯುತ್ತಲೇ ಇರುತ್ತದೆ.

ಇದರ ಜತೆಗೆ ಬಾಟಲಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಪ್ರತಿ ಸಲ ಬೆಳಿಗ್ಗೆ, ತಣ್ಣಗಿರುವಾಗಲೇ ನೋಡಿ. ಬಿಸಿಯಾದಾಗ ಮಟ್ಟ ಏರುವುದು ಸಹಜ. ಎಷ್ಟು ದಿನಕ್ಕೆ ಎಷ್ಟು ಇಳಿಯಿತು ಅಂತ ಗೊತ್ತಿದ್ದರೆ ಅರ್ಧ ಪತ್ತೆ ಮುಗಿದ ಹಾಗೆ.

ಕಣ್ಣು, ಕೈ, ಟಾರ್ಚ್

ಎಂಜಿನ್ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ವಯರ್ ಕಳಚಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತನ್ನಷ್ಟಕ್ಕೆ ತಿರುಗುತ್ತದೆ, ಬೆರಳು ಹೋದೀತು.

ಹನಿ ಹುಡುಕುವುದಕ್ಕಿಂತ ಒಣಗಿದ ಕಲೆ ಹುಡುಕಿ. ಕೂಲೆಂಟ್ ಬಿಸಿ ಲೋಹದ ಮೇಲೆ ಬಿದ್ದರೆ ಆರಿಹೋಗುತ್ತದೆ, ನೆಲಕ್ಕೆ ಹನಿ ಮುಟ್ಟುವುದೇ ಇಲ್ಲ. ಉಳಿಯುವುದು ಹಸಿರು, ಗುಲಾಬಿ ಅಥವಾ ಬಿಳಿ ಹುಡಿಯ ಗೆರೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಸೋರಿಕೆ ಹೆಚ್ಚಾಗಿ ಕಲೆಗಿಂತ ಮೇಲೆ ಇರುತ್ತದೆ. ಫ್ಯಾನಿನ ಗಾಳಿಗೆ ಹಿಂದೆ ಚೆದುರಿರಲೂಬಹುದು.

ಮೊದಲು ಹೋಸುಗಳು. ಮೇಲಿನದ್ದು, ಕೆಳಗಿನದ್ದು, ಹೀಟರಿಗೆ ಹೋಗುವ ಎರಡು, ಬಾಟಲಿಯ ಸಪೂರ ಪೈಪು. ಒಂದೊಂದನ್ನೂ ಹಿಸುಕಿ ನೋಡಿ. ಒಳ್ಳೆಯ ಹೋಸ್ ಹಿಸುಕಿದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಕರಕರ ಸದ್ದು ಬಂದರೆ, ಅದನ್ನು ಬಿಗಿ ಹಿಡಿಯುವ ಕ್ಲಾಂಪಿನ ಪಕ್ಕ ಉಬ್ಬಿದ್ದರೆ, ಮಡಿಸಿದಲ್ಲಿ ಸಣ್ಣ ಬಿರುಕು ಕಂಡರೆ ಅದರ ಆಯುಸ್ಸು ಮುಗಿಯಿತು. ಬೆಳಿಗ್ಗೆ ಮಾತ್ರ ಹನಿದು, ಬಿಸಿಯಾದ ಮೇಲೆ ನಿಲ್ಲುವ ಸೋರಿಕೆ ಇದ್ದರೆ ಕ್ಲಾಂಪ್ ಸಡಿಲ ಇರಬಹುದು. ತಣಿದಾಗ ರಬ್ಬರ್ ಕುಗ್ಗುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ.

ನಮ್ಮಲ್ಲಿ ಇಲಿಯನ್ನು ಮರೆಯುವ ಹಾಗಿಲ್ಲ. ಮಳೆಗಾಲದಲ್ಲಿ ಅಡಕೆ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸಿದರೆ ಬೆಚ್ಚಗಿನ ಎಂಜಿನ್ ಕೋಣೆ ಅದಕ್ಕೆ ಅರಮನೆ. ಸಪೂರ ಹೋಸನ್ನು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಹಲ್ಲಿನ ಗುರುತು ಕಂಡರೆ ಪಕ್ಕದ ವಯರುಗಳನ್ನೂ ನೋಡಿ.

ಆಮೇಲೆ ರೇಡಿಯೇಟರ್. ನಡುವಿನ ಜಾಲರಿ ಅಲ್ಯುಮಿನಿಯಂ, ಎರಡು ತುದಿಯ ಟ್ಯಾಂಕ್ ಪ್ಲಾಸ್ಟಿಕ್. ಎರಡೂ ಕೂಡುವ ಅಂಚಿನಲ್ಲೇ ಹೆಚ್ಚಾಗಿ ಬಿರುಕು ಬರುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಹತ್ತಿರದಿಂದ ನೋಡಿ. ಉಪ್ಪಳ, ಮಂಜೇಶ್ವರದಲ್ಲಿ ಕಡಲ ಬದಿಗೆ ಮನೆ ಇರುವವರು ಜಾಲರಿಯನ್ನೂ ಬೆರಳಿನಲ್ಲಿ ಮುಟ್ಟಿ ನೋಡಿ. ಉಪ್ಪು ಗಾಳಿಗೆ ಅದು ಬಿಳಿ ಹುಡಿಯಾಗಿ ಉದುರುತ್ತದೆ.

ವಾಟರ್ ಪಂಪಿನ ಅಡಿಯಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹಾಳಾದರೆ ಹೇಳುವುದಕ್ಕಾಗಿ ಅದು. ಅಲ್ಲಿಂದ ಕೆಳಗೆ ಬಣ್ಣದ ಗೆರೆ ಇದ್ದರೆ ಪಂಪ್ ಹೋಗಿದೆ. ಆ ತೂತನ್ನು ಎಪಾಕ್ಸಿ ಅಂಟು ಮೆತ್ತಿ ಮುಚ್ಚಿದ್ದನ್ನೂ ನೋಡಿದ್ದೇನೆ! ಹಾಗೆ ಮಾಡಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ ಅಷ್ಟೆ.

ಕೊನೆಗೆ ಕ್ಯಾಪ್. ರಬ್ಬರ್ ವಾಷರ್ ಗಟ್ಟಿಯಾಗಿದೆಯಾ, ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ನೋಡಿ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆ ಆಗಿದ್ದರೆ ಕ್ಯಾಪಿನ ಒಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ, ಬಾಟಲಿಯಿಂದ ದ್ರವ ವಾಪಸ್ ಬರುತ್ತಿಲ್ಲ ಎಂದರ್ಥ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಕ್ಯಾಪೇ ಇರುವುದಿಲ್ಲ. ಅಲ್ಲಿ ಬಾಟಲಿಯ ಮುಚ್ಚಳವೇ ಒತ್ತಡ ಹಿಡಿಯುವುದು.

ಕಣ್ಣಿಗೆ ಕಾಣದಿದ್ದರೆ ಪ್ರೆಶರ್ ಟೆಸ್ಟ್

ಸೈಕಲ್ ಪಂಪಿನಂಥ ಒಂದು ಉಪಕರಣ, ಮೇಲೊಂದು ಗೇಜ್. ಕ್ಯಾಪಿನ ಜಾಗದಲ್ಲಿ ಕೂರಿಸಿ, ಕ್ಯಾಪಿನ ಮೇಲೆ ಬರೆದ ಒತ್ತಡದಷ್ಟು ಮಾತ್ರ ಪಂಪ್ ಮಾಡಿ. ಜಾಸ್ತಿ ಮಾಡಿದರೆ ಒಳ್ಳೆಯ ಜಾಗವೂ ಒಡೆದೀತು. ಹದಿನೈದು ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಹೊರಗೆ ಸೋರಿಕೆ ಇರುವ ಸಾಧ್ಯತೆ ಕಮ್ಮಿ. ಇಳಿದರೆ ಟಾರ್ಚ್ ಹಿಡಿದು ಸುತ್ತ ನೋಡಿ, ಕಿವಿಯನ್ನೂ ಕೊಡಿ. ಇದರ ಸೊಗಸು ಏನೆಂದರೆ ಎಂಜಿನ್ ತಣ್ಣಗೇ ಇರುತ್ತದೆ, ಸೋರಿದ್ದು ಆರಿ ಹೋಗುವುದಿಲ್ಲ, ಕೈ ಸುಡುವುದಿಲ್ಲ.

ಇದನ್ನು ಕೊಳ್ಳಲೇಬೇಕೆಂದಿಲ್ಲ. ಒಳ್ಳೆಯ ವರ್ಕ್‌ಶಾಪಿನಲ್ಲಿ ಇರುತ್ತದೆ. ಹೋಗಿ 'ಪ್ರೆಶರ್ ಟೆಸ್ಟ್ ಮಾಡಿ' ಅಂತಲೇ ಕೇಳಿ. ಮೆಕ್ಯಾನಿಕ್ ಮಲಯಾಳ ಮಾತಾಡುವವರಾದರೂ ಭಾಷೆಯ ತೊಡಕಿಲ್ಲ. ನಮ್ಮ 'ಸೋರು' ಮಲಯಾಳದಲ್ಲಿ 'ಚೋರು', ಒಂದೇ ಅಕ್ಷರದ ವ್ಯತ್ಯಾಸ! ಟೆಸ್ಟ್ ಮಾಡದೆ 'ರೇಡಿಯೇಟರ್ ಬದಲಿಸೋಣ' ಅನ್ನುವವರಿದ್ದರೆ ಅಲ್ಲಿಂದ ಕಾರು ತಿರುಗಿಸಿ.

ಹೊರಗೆ ಸೋರುತ್ತಿಲ್ಲ, ಆದರೂ ಕಮ್ಮಿ ಆಗುತ್ತಿದೆ

ಆಗ ಹೆಡ್ ಗ್ಯಾಸ್ಕೆಟಿನ ಅನುಮಾನ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆಯಾ? ಎಂಜಿನ್ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದರೆ ಹಾಲು ಹಾಕಿದ ಚಹಾದ ಬಣ್ಣ ಇದೆಯಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದಾ? ಇವುಗಳಲ್ಲಿ ಒಂದಿದ್ದರೂ ಕಾರು ಓಡಿಸುವುದು ನಿಲ್ಲಿಸಿ. ಖಚಿತ ಮಾಡಲು ಒಂದು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಉರಿದ ಹೊಗೆ ಕೂಲೆಂಟಿಗೆ ಸೇರಿದ್ದರೆ ಪೆಟ್ರೋಲ್ ಕಾರಿನಲ್ಲಿ ನೀಲಿ ಹಳದಿಯಾಗುತ್ತದೆ. ಹೆಡ್ ಇಳಿಸುವ ಮೊದಲು ಈ ಪರೀಕ್ಷೆ ಆಗಲಿ ಅಂತ ಹಟ ಹಿಡಿಯಿರಿ. ಉಳಿದದ್ದು ಮನೆಯಂಗಳದ ಕೆಲಸ ಅಲ್ಲ.

ಹೋಸ್ ಬದಲಿಸುವುದು

ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಒಂದು ಭಾನುವಾರದ ಬೆಳಿಗ್ಗೆ ಸಾಕು.

ಕಾರು ಎತ್ತಬೇಕಾದರೆ ಸಪಾಟು ಜಾಗ ಬೇಕು, ಜಾಕಿನ ಜತೆ ಸ್ಟ್ಯಾಂಡ್ ಬೇಕು. ಅಂಗಳದಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಬಿದ್ದಿದೆ ಅಂತ ಅದನ್ನು ಅಡಿಗೆ ಕೊಟ್ಟು ಕಾರಿನಡಿ ನುಗ್ಗಬೇಡಿ. ಗೋಡೆ ಕಟ್ಟಲು ಅದು ಒಳ್ಳೆಯದು, ಆದರೆ ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ.

ಕ್ಯಾಪ್ ತೆಗೆಯಿರಿ. ರೇಡಿಯೇಟರಿನ ಅಡಿಯ ಡ್ರೈನ್ ತಿರುಪು ಸಡಿಲಿಸಿ, ಅದು ಇಲ್ಲದಿದ್ದರೆ ಕೆಳಗಿನ ಹೋಸ್ ಕಳಚಿ, ಚೊಕ್ಕ ಟಬ್ಬಿನಲ್ಲಿ ದ್ರವ ಹಿಡಿಯಿರಿ. ಬಂದದ್ದನ್ನು ಅಳೆದಿಡಿ, ತುಂಬಿಸುವಾಗ ಈ ಲೆಕ್ಕ ಬೇಕು. ಸಣ್ಣ ಕಾರುಗಳ ಒಟ್ಟು ಕೂಲೆಂಟ್ ಸಾಮಾನ್ಯವಾಗಿ 4ರಿಂದ 6 ಲೀಟರ್, ಆದರೆ ಅಷ್ಟೂ ಹೊರಗೆ ಬರುವುದಿಲ್ಲ. ಒಂದಷ್ಟು ಎಂಜಿನ್ನಿನೊಳಗೆ ಉಳಿಯುತ್ತದೆ.

ಸ್ಪ್ರಿಂಗ್ ಕ್ಲಾಂಪನ್ನು ಇಕ್ಕಳದಲ್ಲಿ ಹಿಸುಕಿ ಹಿಂದೆ ಸರಿಸಿ. ಹೋಸನ್ನು ಎಳೆಯುವ ಮೊದಲು ತಿರುಚಿ. ಹಳೆಯದು ಅಂಟಿಕೊಂಡು ಬರದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಹೋಸ್ ಕೂರುವ ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆ ಮುರಿದರೆ ಮುಗಿಯಿತು, ನೂರರ ಕೆಲಸ ಸಾವಿರದ್ದಾಗುತ್ತದೆ. ಹೇಗೂ ಬಿಸಾಡುವ ಹೋಸ್, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಸೀಳುವಾಗ ಕುತ್ತಿಗೆಗೆ ಗೀರು ಬೀಳದಿರಲಿ.

ಕುತ್ತಿಗೆಯನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಮೆಲ್ಲಗೆ ಉಜ್ಜಿ ಚೊಕ್ಕ ಮಾಡಿ. ಹೊಸ ಹೋಸಿಗೆ ಕ್ಲಾಂಪನ್ನು ಮೊದಲೇ ತೂರಿಸಿಡಿ, ನಾನು ಎರಡು ಸಲ ಮರೆತು ಮತ್ತೆ ಕಳಚಿದ್ದೇನೆ. ಒಳ ಅಂಚಿಗೆ ಸ್ವಲ್ಪ ಕೂಲೆಂಟ್ ಸವರಿದರೆ ಸುಲಭವಾಗಿ ಜಾರುತ್ತದೆ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ. ಕುತ್ತಿಗೆಯಲ್ಲಿ ಉಬ್ಬಿದ ಉಂಗುರದಂಥ ಅಂಚು ಇರುತ್ತದೆ. ಕ್ಲಾಂಪ್ ಅದರ ಹಿಂದೆ ಕೂರಬೇಕು, ಮೇಲೆ ಅಲ್ಲ. ಸ್ಪ್ರಿಂಗ್ ಕ್ಲಾಂಪ್ ಗಟ್ಟಿ ಇದ್ದರೆ ಅದನ್ನೇ ಹಾಕಿ, ರಬ್ಬರ್ ಹಿಗ್ಗಿ ಕುಗ್ಗುವಾಗ ಜತೆಗೇ ಹಿಡಿಯುತ್ತದೆ. ತಿರುಪಿನ ಕ್ಲಾಂಪ್ ಆದರೆ ಹಿತವಾಗಿ ಬಿಗಿ ಮಾಡಿ. ಜೋರು ತೋರಿಸಿದರೆ ರಬ್ಬರ್ ಕತ್ತರಿಸುತ್ತದೆ.

ಕ್ಯಾಪ್ ಬದಲಿಸುವಾಗ ಹಳೆಯದರ ಮೇಲಿನ ಒತ್ತಡದ ಅಂಕಿಯೇ ಇರುವುದನ್ನು ಕೊಳ್ಳಿ. ರೇಡಿಯೇಟರಿನ ಪ್ಲಾಸ್ಟಿಕ್ ಬಿರುಕಿಗೆ ಎಪಾಕ್ಸಿ ಹಚ್ಚಿದರೆ ಬಿಸಿ ಮತ್ತು ಒತ್ತಡಕ್ಕೆ ಬೇಗ ಬಿಟ್ಟುಕೊಳ್ಳುತ್ತದೆ. ಹಿಂದಿನ ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದ ಕಾಲ ಹೋಯಿತು, ಈಗ ಹೊಸದು ಹಾಕುವುದೇ ಸರಿ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಕಾರಾದರೆ ಮೆಕ್ಯಾನಿಕ್‌ಗೆ ಬಿಡಿ. ಬೆಲ್ಟನ್ನೂ ಅದೇ ಸಲ ಬದಲಿಸಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಯಾವ ನೀರು, ಹೇಗೆ ತುಂಬುವುದು

ಇಲ್ಲೇ ನಮ್ಮವರು ಸೋಲುವುದು. ಮುರಕಲ್ಲಿನ ಬಾವಿಯ ನೀರು ಕುಡಿಯಲು ಅಮೃತ. ಆದರೆ ಅದರಲ್ಲಿ ಕಬ್ಬಿಣದ ಅಂಶ, ಸ್ವಲ್ಪ ಆಮ್ಲದ ಗುಣ ಇರುವುದುಂಟು. ಕಡಲ ಬದಿಯ ಬಾವಿಯಲ್ಲಿ ಉಪ್ಪು. ಬೋರ್‌ವೆಲ್ ನೀರು ಗಡಸಾದರೆ ಒಳಗೆ ಕಿಟ್ಟ ಕಟ್ಟುತ್ತದೆ. ಅಲ್ಯುಮಿನಿಯಂಗೆ ಇದ್ಯಾವುದೂ ಆಗಿಬರುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. 'ಇಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ, ಸುಮ್ನೆ ಖರ್ಚು' ಅನ್ನುವವರಿದ್ದಾರೆ. ತುಕ್ಕು ತಡೆಯುವ ರಾಸಾಯನಿಕ ಇರುವುದು ಅದರಲ್ಲೇ ಅಲ್ವಾ?

ನೀರು ಬೆರೆಸಿಯೇ ಬರುವ ಕೂಲೆಂಟ್ ಇದೆ, ನಾವೇ ನೀರು ಬೆರೆಸಬೇಕಾದ್ದೂ ಇದೆ. ಲೇಬಲ್ ಓದಿ. ಬಣ್ಣ ಹೊಂದಿತು ಅಂತ ಬೇರೆ ಬೇರೆ ಜಾತಿ ಬೆರೆಸಬೇಡಿ. ಬಣ್ಣ ಕಂಪನಿಯವರು ಹಾಕುವುದು, ಅದರಿಂದ ಒಳಗಿನ ರಾಸಾಯನಿಕ ತಿಳಿಯುವುದಿಲ್ಲ. ಕಾರಿನ ಪುಸ್ತಕದಲ್ಲಿ ಹೇಳಿದ್ದೇ ಪ್ರಮಾಣ.

ತುಂಬುವಾಗ ನಮ್ಮ ಏರುತಗ್ಗಿನ ಅಂಗಳ ಉಪಕಾರಕ್ಕೆ ಬರುತ್ತದೆ. ಕಾರಿನ ಮೂತಿ ಮೇಲಾಗುವ ಹಾಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಒಳಗಿನ ಗಾಳಿ ಮೇಲಿನ ಬಾಯಿಯತ್ತ ಬರುತ್ತದೆ. ಹೀಟರ್ ಪೂರ್ತಿ ಬಿಸಿಗೆ ಇಡಿ. ನಿಧಾನ ಹೊಯ್ಯಿರಿ, ನಡುನಡುವೆ ಮೇಲಿನ ಹೋಸ್ ಹಿಸುಕಿ. ಗುಳುಗುಳು ಸದ್ದಾಗಿ ಮಟ್ಟ ಇಳಿಯುತ್ತದೆ, ಮತ್ತೆ ಹೊಯ್ಯಿರಿ. ಗಾಳಿ ಬಿಡುವ ತಿರುಪು ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ದ್ರವ ಬಂದಾಗ ಬಿಗಿ ಮಾಡಿ.

ಬ್ಯಾಟರಿ ವಯರ್ ಮತ್ತೆ ಕೊಟ್ಟು, ಕ್ಯಾಪ್ ತೆರೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಮುಖ ಅದರ ಮೇಲೆ ಬಗ್ಗಿಸಬೇಡಿ. ಥರ್ಮೋಸ್ಟ್ಯಾಟ್ ತೆರೆದರೆ ಮಟ್ಟ ಒಮ್ಮೆ ದಡಕ್ಕನೆ ಇಳಿಯುತ್ತದೆ, ಕೆಳಗಿನ ಹೋಸ್ ಬೆಚ್ಚಗಾಗುತ್ತದೆ. ತುಂಬಿ, ಕ್ಯಾಪ್ ಹಾಕಿ. ಬಾಟಲಿಯ ಮುಚ್ಚಳವೇ ಒತ್ತಡ ಹಿಡಿಯುವ ಕಾರಿನಲ್ಲಿ ಕ್ರಮ ಬೇರೆ ಇರಬಹುದು, ಪುಸ್ತಕ ನೋಡಿ. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವ ತನಕ ಎಂಜಿನ್ ಓಡಲು ಬಿಡಿ. ಡ್ಯಾಶ್‌ಬೋರ್ಡಿನಿಂದ ಬಿಸಿ ಗಾಳಿಯೇ ಬರಬೇಕು. ತಣ್ಣನೆಯದು ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಇಳಿದಷ್ಟು ತುಂಬಿ. ಗೆರೆಯ ಪಕ್ಕ ಹೊಸ ತಾರೀಕು ಬರೆಯಿರಿ. ಮೊದಲ ವಾರ ಹತ್ತಿರದ ಓಡಾಟ ಮಾತ್ರ ಇರಲಿ, ರಟ್ಟು ಹಾಸುವುದು ತಪ್ಪಬಾರದು. ಇಲ್ಲಿಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಸರಿಯಾಯಿತೋ ಇಲ್ಲವೋ ಅಂತ ಗೊತ್ತಿಲ್ಲದ ಕಾರಿನಲ್ಲಿ ರಾತ್ರಿ ಹೊತ್ತು ರೋಗಿಯನ್ನು ಕೂರಿಸಿಕೊಂಡು ತಲಪಾಡಿ ಗಡಿ ದಾಟಲು ಹೊರಡಬೇಡಿ. ಎರಡನೇ ವಾರವೂ ಗೆರೆ ಅಲ್ಲೇ ಇದ್ದರೆ ಘಾಟಿ ಹತ್ತಬಹುದು. ಒಂದು ಲೀಟರ್ ಕೂಲೆಂಟ್ ಮತ್ತು ಎರಡು ಕ್ಲಾಂಪ್ ಡಿಕ್ಕಿಯಲ್ಲಿರಲಿ.